ಕ್ಷಯದ ಔಷಧವೂ ಶುಶ್ರೂಷಕಿಯ ಮಾತೂ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯಲ್ಲಿ ಹೇಳಿದೆ. ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಇವೇ ಆ ನಾಲ್ಕು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅಲ್ಲಿ ವಿಧಿಸಿದ್ದಾರೆ. ಪರಿಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ಇರಬೇಕು. ರೋಗಿಗೆ ಸ್ಮೃತಿ, ಹೇಳಿದಂತೆ ನಡೆಯುವ ಬುದ್ಧಿ, ಅಭೀರುತ್ವ, ತನ್ನ ಬಾಧೆಯನ್ನು ಬಾಯಿಬಿಟ್ಟು ತಿಳಿಸಬಲ್ಲ ಶಕ್ತಿ ಇವು ಇರಬೇಕು. ರೋಗಿಗೆ ಸ್ಮೃತಿ ಬೇಕೆಂಬ ಮಾತು ಮೊದಲ ನೋಟಕ್ಕೆ ಅಷ್ಟೊಂದು ಗಹನವಾಗಿ ತೋರುವುದಿಲ್ಲ. ಹಾಸಿಗೆ ಹಿಡಿದವನಿಗೆ ನೆನಪೇಕೆ, ನೆನಪಿಡುವವರು ಮನೆಯಲ್ಲಿ ಬೇರೆ ಇರುತ್ತಾರಲ್ಲವೆ ಎಂದು ಕೇಳಬಹುದು. ಆದರೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕ್ಷಯರೋಗದ ಚಿಕಿತ್ಸೆಯು ಆಸ್ಪತ್ರೆಯನ್ನು ಬಿಟ್ಟು ಮನೆಗೆ ಬಂದಾಗ ಎಲ್ಲವೂ ಆ ಒಂದು ಗುಣದ ಮೇಲೆ ಬಂದು ನಿಂತಿತು. ಅದನ್ನು ರೋಗಿಯಲ್ಲಿ ಹುಟ್ಟಿಸುವ ಭಾರವು ಪರಿಚಾರಕರ ಹೆಗಲ ಮೇಲೆ ಬಿದ್ದಿತು.

ಈ ವೃತ್ತಾಂತಕ್ಕೆ ಗೌರಿಬಿದನೂರಿನ ಸೀಮೆಯು ನಡುಮನೆಯಂತೆ ಇದೆಯೆಂಬುದನ್ನು ಗಮನಿಸಿದವರು ಕಡಮೆ. ಉತ್ತರ ಪಿನಾಕಿನಿಯ ದಡದ ಈ ಊರಿನಲ್ಲಿ ನಿಂತು ನೋಡಿದರೆ, ಪೂರ್ವಕ್ಕೆ ಚಿಂತಾಮಣಿಯ ಆಚೆ, ಮದನಪಲ್ಲಿಯ ಬಳಿಯಲ್ಲಿ ಆರೋಗ್ಯವರಂ ಎಂಬ ಕ್ಷಯಚಿಕಿತ್ಸಾಲಯ; ಉತ್ತರಕ್ಕೆ ಹಿಂದೂಪುರವನ್ನು ಒಳಗೊಂಡಿದ್ದ ಹಳೆಯ ಅನಂತಪುರ ಜಿಲ್ಲೆ; ಪಶ್ಚಿಮಕ್ಕೆ ಮಧುಗಿರಿ ಕೊರಟಗೆರೆಗಳ ತುಮಕೂರು ಜಿಲ್ಲೆ; ದಕ್ಷಿಣಕ್ಕೆ ಬೆಂಗಳೂರು. ಭಾರತದಲ್ಲಿ ಕ್ಷಯರೋಗಿಗೆ ಔಷಧವನ್ನು ಹೇಗೆ ಕೊಡಬೇಕು, ಕೊಡುವಾಗ ಏನು ಹೇಳಬೇಕು ಎಂಬ ಪ್ರಶ್ನೆಯು ವಿಚಾರಕ್ಕೆ ಬಂದದ್ದು ಬಹುಮಟ್ಟಿಗೆ ಈ ನಾಲ್ಕು ದಿಕ್ಕುಗಳಲ್ಲಿಯೂ, ಇನ್ನೂ ದೂರದ ಮದರಾಸಿನಲ್ಲಿಯೂ.

ಔಷಧವನ್ನು ಕೊಡುವಾಗ ಮಾತನ್ನೂ ಕೂಡಿಸಿ ಕೊಡುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಹಳೆಯ ಪಂಡಿತನು ಭಸ್ಮವನ್ನೋ ಲೇಹ್ಯವನ್ನೋ ಕೊಟ್ಟು ಸುಮ್ಮನೆ ಕಳುಹಿಸುತ್ತಿರಲಿಲ್ಲ. ಜೇನಿನಲ್ಲಿ ತೇದು ಕೊಡುವುದೋ, ಹಾಲಿನಲ್ಲೋ, ಶುಂಠಿಯ ರಸದಲ್ಲೋ ಎಂಬ ಅನುಪಾನವನ್ನು ಹೇಳುತ್ತಿದ್ದನು. ಹುಳಿ ಬಿಡು, ಬದನೆ ಬಿಡು, ಹಗಲು ನಿದ್ರೆ ಬಿಡು ಎಂದು ಪಥ್ಯವನ್ನು ಹೇಳುತ್ತಿದ್ದನು. ಮನೆಯ ಹಿರಿಯ ಹೆಂಗಸು ಅದನ್ನು ಕೇಳಿಕೊಂಡು ನಡೆಸುತ್ತಿದ್ದಳು. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಗ್ರಂಥಗಳು ವೈದ್ಯವನ್ನು ಕನ್ನಡಕ್ಕೆ ತಂದುದರಿಂದ, ಸಂಸ್ಕೃತವನ್ನರಿಯದವರಿಗೂ ಈ ವಿದ್ಯೆ ಅಷ್ಟರಮಟ್ಟಿಗೆ ಎಟುಕಿತು. ಅನುಪಾನ ಪಥ್ಯಗಳಲ್ಲಿ ಎಷ್ಟು ಸಾರ, ಎಷ್ಟು ವಾಡಿಕೆ ಎಂಬ ಚರ್ಚೆ ಬೇರೆ. ಔಷಧವೆಂದರೆ ವಸ್ತುವೂ ಹೌದು, ವಿಧಿಯೂ ಹೌದು ಎಂಬ ನಂಬಿಕೆಯು ಜನರಲ್ಲಿ ಬೇರೂರಿತ್ತೆಂಬುದು ಮಾತ್ರ ಸ್ಪಷ್ಟ.

ಇಂಗ್ಲಿಷ್ ವೈದ್ಯ ಬಂದಾಗ ಈ ಮಾತು ಸೊರಗಿತು. ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯ ಮೊದಲಾದ ದೊಡ್ಡ ಆಸ್ಪತ್ರೆಗಳೂ, ತಾಲ್ಲೂಕು ಕಸಬೆಗಳಲ್ಲಿ ಸರ್ಕಾರದ ಔಷಧಶಾಲೆಗಳೂ ಏರ್ಪಟ್ಟುವು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿದರು. ಅವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಔಷಧಶಾಲೆಯ ಕಿಟಕಿಯ ಮುಂದೆ ನಿಂತ ರೋಗಿಗೆ ಸಿಕ್ಕುತ್ತಿದ್ದ ಬೋಧನೆ ಯಾವುದು? ಅವನು ಮನೆಯಿಂದ ತಂದ ಸೀಸೆಗೆ ಕಾಂಪೌಂಡರನು ಕೆಂಪು ಮಿಕ್ಸ್ಚರನ್ನು ಸುರಿದು, ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿದ ಒಂದು ಕಾಗದದ ಪಟ್ಟಿಯನ್ನು ಅದರ ಮೇಲೆ ಅಂಟಿಸುತ್ತಿದ್ದನು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ವೇಳೆಯ ಔಷಧ. ಅಕ್ಷರ ಬಾರದವನಿಗೂ ತಿಳಿಯುವಂತೆ ಮಾಡಿದ ಈ ಉಪಾಯ ಅಲ್ಪವೆಂದು ಹೇಳಲಾಗದು. ಆ ಕಾಲದ ಔಷಧಬೋಧನೆಯಲ್ಲಿ ಅದೇ ಅತ್ಯುತ್ತಮವಾದುದು ಎಂದರೂ ಸಲ್ಲುತ್ತದೆ. ಅದರಾಚೆಗೆ ‘ದಿನಕ್ಕೆ ಮೂರು ವೇಳೆ’ ಎಂಬ ಒಂದು ಮಾತು. ದಿನಕ್ಕೆ ಎರಡೇ ಹೊತ್ತು ಉಣ್ಣುವ ಮನೆಗಳಲ್ಲಿ ಮೂರನೆಯ ವೇಳೆ ಯಾವುದೆಂಬುದನ್ನು ಕಿಟಕಿಯ ಒಳಗಿನವರು ಕೇಳುತ್ತಲೂ ಇರಲಿಲ್ಲ, ಹೊರಗಿನವರು ಹೇಳುತ್ತಲೂ ಇರಲಿಲ್ಲ.

ಆಸ್ಪತ್ರೆಯ ಒಳಗೆ ಮಲಗಿದ ರೋಗಿಯ ಸಂಗತಿ ಬೇರೆ. ಅಲ್ಲಿ ಔಷಧದ ಸಮಸ್ತ ಜವಾಬ್ದಾರಿಯೂ ಶುಶ್ರೂಷಕಿಯದು. ಸೀಸೆಯ ಚೀಟಿಯನ್ನು ಮೂರು ಬಾರಿ ಓದಬೇಕು: ಕಪಾಟಿನಿಂದ ತೆಗೆಯುವಾಗ ಒಮ್ಮೆ, ಅಳೆಯುವ ಮುಂಚೆ ಒಮ್ಮೆ, ತಿರುಗಿ ಇಡುವಾಗ ಒಮ್ಮೆ. ತಕ್ಕ ರೋಗಿಗೆ, ತಕ್ಕ ಔಷಧವನ್ನು, ತಕ್ಕ ಪ್ರಮಾಣದಲ್ಲಿ, ತಕ್ಕ ಮಾರ್ಗದಿಂದ, ತಕ್ಕ ಸಮಯಕ್ಕೆ ಕೊಡಬೇಕು ಎಂಬ ಐದು ನಿಯಮಗಳನ್ನು ಶುಶ್ರೂಷಾ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು, ಇಂದಿಗೂ ಮಾಡಿಸುತ್ತಾರೆ. ರೋಗಿಯು ಬಾಯಿ ತೆರೆದರೆ ಸಾಕು; ಉಳಿದುದನ್ನೆಲ್ಲ ಆಕೆ ನೋಡಿಕೊಳ್ಳುತ್ತಾಳೆ. ರೋಗಿಗೆ ಔಷಧದ ಹೆಸರನ್ನು ಹೇಳುವುದು ವಾಡಿಕೆಯಾಗಿರಲಿಲ್ಲ. ತಿಳಿದರೆ ಕೇಡೆಂಬ ಭಾವನೆಯೂ ಇತ್ತು.

ಕ್ಷಯರೋಗಕ್ಕೆ ಆಗ ಔಷಧವೇ ಇರಲಿಲ್ಲ. 1882ರಲ್ಲಿ ಕಾಖ್ ಎಂಬ ಜರ್ಮನ್ ಪಂಡಿತನು ಅದರ ಕ್ರಿಮಿಯನ್ನು ತೋರಿಸಿಕೊಟ್ಟ ಮೇಲೆಯೂ ಅರವತ್ತು ವರ್ಷಗಳ ಕಾಲ ಆ ಕ್ರಿಮಿಯನ್ನು ದೇಹದೊಳಗೆ ಕೊಲ್ಲಬಲ್ಲ ವಸ್ತು ದೊರೆಯಲಿಲ್ಲ. ಶುದ್ಧವಾದ ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆಗಳ ಪುಷ್ಟಿಯಾದ ಆಹಾರ, ಮೀನೆಣ್ಣೆ, ಪುಪ್ಪುಸವನ್ನು ಗಾಳಿಯಿಂದ ಅದುಮಿಡುವ ಉಪಚಾರ ಇವೇ ಗತಿ. ಇದಕ್ಕಾಗಿ ಊರುಗಳಿಂದ ದೂರವಾಗಿ ಕ್ಷಯಚಿಕಿತ್ಸಾಲಯಗಳು ಎದ್ದುವು. ಹಲವು ಮಿಷನ್ನುಗಳು ಕೂಡಿ 1915ರಲ್ಲಿ ಮದನಪಲ್ಲಿಯ ಬಳಿ ಆರೋಗ್ಯವರವನ್ನು ನೆಲೆಗೊಳಿಸಿದುವು. ಅದರ ಮೊದಲ ಮುಖ್ಯ ವೈದ್ಯರು ಡೆನ್ಮಾರ್ಕ್ ದೇಶದ ಕ್ರಿಶ್ಚಿಯನ್ ಫ್ರಿಮೋಟ್ ಮುಲ್ಲರ್ ಅವರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಚಿಕಿತ್ಸಾಲಯವು 1921ರಲ್ಲಿ ಆರಂಭವಾಯಿತು. ಅರಮನೆಯನ್ನೂ ಈ ರೋಗ ಬಿಟ್ಟಿರಲಿಲ್ಲವೆಂಬುದಕ್ಕೆ ಆ ಹೆಸರೇ ಸಾಕ್ಷಿ. ಅಲ್ಲಿಗೆ ಹೋಗುವ ಶಕ್ತಿಯಿದ್ದವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಗಂಟೆಯ ನಾದಕ್ಕೆ ಎದ್ದು ಗಂಟೆಯ ನಾದಕ್ಕೆ ಮಲಗಿ ಕಾಲ ಕಳೆಯುತ್ತಿದ್ದರು. ಶಕ್ತಿಯಿಲ್ಲದವರಿಗೆ ಜಗುಲಿಯೇ ಚಿಕಿತ್ಸಾಲಯ. ನಂಟರು ಆ ಮನೆಯಲ್ಲಿ ಹೆಣ್ಣು ತರಲು ಹಿಂಜರಿಯುತ್ತಿದ್ದರು. ರೋಗದ ಹೆಸರನ್ನು ಎತ್ತುವುದಕ್ಕೇ ಅಂಜುತ್ತಿದ್ದರು.

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು, ಅದರ ಹಿಂದೆಯೇ ಸ್ವೀಡನ್ನಿನಿಂದ ಪ್ಯಾಸ್ ಎಂಬ ಔಷಧ ಬಂದಿತು, 1952ರಲ್ಲಿ ಐಸೋನಿಯಾಜಿಡ್. ಈ ಮೂರನೆಯದು ಅಗ್ಗ, ಚಿಕ್ಕದು, ನುಂಗಲು ಸುಲಭ. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಸಾವಿನ ದಾರಿ ಕಾಯುತ್ತಿದ್ದ ರೋಗಿಗಳು ಇದರ ಪ್ರಭಾವದಿಂದ ಎದ್ದು ಕುಣಿದಾಡಿದರೆಂದು ಅಂದಿನ ಪತ್ರಿಕೆಗಳು ಚಿತ್ರಸಮೇತವಾಗಿ ಬರೆದುವು. ಆದರೆ ಈ ಸಂತೋಷದ ಒಳಗೇ ಒಂದು ಮುಳ್ಳಿತ್ತು. ಸ್ಟ್ರೆಪ್ಟೊಮೈಸಿನ್ನನ್ನು ಒಂದೇ ಆಗಿ ಕೊಟ್ಟಾಗ ರೋಗಿಯು ಮೊದಲು ಚೇತರಿಸಿಕೊಂಡು, ಕೆಲವು ತಿಂಗಳಲ್ಲಿ ತಿರುಗಿ ಬೀಳುತ್ತಾನೆಂಬುದನ್ನು ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತ್ತು. ಕೋಟ್ಯಂತರ ಕ್ರಿಮಿಗಳ ನಡುವೆ ಆ ಔಷಧಕ್ಕೆ ಬಗ್ಗದ ಕೆಲವು ಇದ್ದೇ ಇರುತ್ತವೆ. ಬಗ್ಗುವುವು ಸತ್ತ ಮೇಲೆ ಉಳಿದ ಹೊಲವೆಲ್ಲ ಅವುಗಳದೇ. ಎರಡು ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ಒಂದಕ್ಕೆ ಬಗ್ಗದುದು ಇನ್ನೊಂದಕ್ಕೆ ಬಗ್ಗುತ್ತದೆ. ಇದಲ್ಲದೆ ಕೆಲವು ಕ್ರಿಮಿಗಳು ನಿದ್ರಿಸುವಂತೆ ಅಡಗಿರುತ್ತವೆ. ಅವು ಎಚ್ಚತ್ತಾಗ ಔಷಧವು ರಕ್ತದಲ್ಲಿ ಇರಬೇಕು. ಆದುದರಿಂದ ಕೆಮ್ಮು ನಿಂತ ಮೇಲೆಯೂ, ಜ್ವರ ಬಿಟ್ಟ ಮೇಲೆಯೂ, ಮೈ ತುಂಬಿಕೊಂಡು ರೋಗಿಯು ಹೊಲಕ್ಕೆ ಹೋಗಲಾರಂಭಿಸಿದ ಮೇಲೆಯೂ, ಬಹುಕಾಲ ಔಷಧವನ್ನು ನುಂಗುತ್ತಲೇ ಇರಬೇಕು. ಅಂದಿನ ವಿಧಿಯಲ್ಲಿ ಅದು ಒಂದು ವರ್ಷಕ್ಕೂ ಮೀರುತ್ತಿತ್ತು.

ಸಾಮಾನ್ಯವಾಗಿ ಔಷಧವು ಗುಣವನ್ನು ಕೊಟ್ಟರೆ ಜನ ಅದನ್ನು ನಂಬುತ್ತಾರೆ; ನಂಬಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಔಷಧದ ಗುಣವೇ ಅದರ ಶತ್ರು. ಎಂಟು ವಾರಗಳಲ್ಲಿ ಕೆಮ್ಮು ನಿಂತರೆ, ಒಂಬತ್ತನೆಯ ವಾರ ಔಷಧವನ್ನು ನುಂಗುವುದಕ್ಕೆ ರೋಗಿಗೆ ತನ್ನ ದೇಹದಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಕಾರಣವು ಅವನಿಗೆ ಮತ್ತೊಬ್ಬರ ಮಾತಿನಿಂದಲೇ ಬರಬೇಕು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಕ್ಷಯರೋಗಿಗಳ ಸಂಖ್ಯೆ ಲಕ್ಷಗಳಲ್ಲಿ. ಚಿಕಿತ್ಸಾಲಯಗಳ ಹಾಸಿಗೆಗಳ ಸಂಖ್ಯೆ ಸಾವಿರಗಳಲ್ಲಿ. ಹಾಸಿಗೆಯಿಲ್ಲದೆ ಮನೆಯಲ್ಲೇ ಚಿಕಿತ್ಸೆ ಮಾಡಬಹುದೆ ಎಂಬುದನ್ನು ಪರೀಕ್ಷಿಸಲು 1956ರಲ್ಲಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಪರಿಷತ್ತು ಈ ನಾಲ್ಕೂ ಅದರಲ್ಲಿ ಸೇರಿದ್ದುವು. ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರು ಅದರ ಮುಖ್ಯಸ್ಥರಾಗಿದ್ದರು. ನಗರದ ಬಡ ಕೇರಿಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಅರ್ಧ ಜನರನ್ನು ಚಿಕಿತ್ಸಾಲಯಕ್ಕೆ ಸೇರಿಸಿದರು. ಉಳಿದ ಅರ್ಧ ಜನರಿಗೆ ಅದೇ ಐಸೋನಿಯಾಜಿಡ್, ಅದೇ ಪ್ಯಾಸ್ ಔಷಧಗಳನ್ನು ಒಂದು ವರ್ಷ ಮನೆಯಲ್ಲಿಯೇ ನುಂಗುವಂತೆ ಏರ್ಪಡಿಸಿದರು. ಚಿಕಿತ್ಸಾಲಯದವರಿಗೆ ಒಳ್ಳೆಯ ಊಟ, ಪೂರ್ಣವಾದ ವಿಶ್ರಾಂತಿ, ಶುಶ್ರೂಷಕಿಯರ ಕಣ್ಗಾವಲು. ಮನೆಯವರಿಗೆ ಇದ್ದುದರಲ್ಲಿ ಗಂಜಿ, ಇಕ್ಕಟ್ಟಾದ ಗುಡಿಸಲು, ಮಾಡಲೇಬೇಕಾದ ಕೆಲಸ. 1959ರಲ್ಲಿ ಫಲಿತಾಂಶ ಹೊರಬಿದ್ದಿತು. ವರ್ಷದ ಕೊನೆಯಲ್ಲಿ ರೋಗವು ಶಾಂತವಾಗಿದ್ದವರು ಚಿಕಿತ್ಸಾಲಯದಲ್ಲಿ ನೂರಕ್ಕೆ 92, ಮನೆಯಲ್ಲಿ 86. ಎರಡಕ್ಕೂ ಹೇಳಿಕೊಳ್ಳತಕ್ಕ ಅಂತರವಿಲ್ಲ. ಮನೆಯಲ್ಲಿ ಉಳಿದ ರೋಗಿಗಳಿಂದ ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿದ್ದೂ ಕಂಡುಬರಲಿಲ್ಲ. ನೂರು ವರ್ಷಗಳಿಂದ ಜಗತ್ತು ನಂಬಿದ್ದ ಬೆಟ್ಟದ ಗಾಳಿ ಹಾಲು ಮೊಟ್ಟೆಗಳ ವೈಭವವೆಲ್ಲ, ಎರಡು ಔಷಧಗಳ ಮುಂದೆ ಬಹುಮಟ್ಟಿಗೆ ಅನಾವಶ್ಯಕವಾಗಿ ಪರಿಣಮಿಸಿತು.

ಈ ಪರೀಕ್ಷೆಯ ಕೀರ್ತಿಯೆಲ್ಲ ಔಷಧಗಳಿಗೆ ಸಂದಿತು. ಅದು ಪೂರ್ಣವಾದ ನ್ಯಾಯವಲ್ಲ. ಮನೆಯ ರೋಗಿಗಳನ್ನು ಕೇಂದ್ರದವರು ಬರಿಯ ಔಷಧ ಕೊಟ್ಟು ಕೈಬಿಟ್ಟಿರಲಿಲ್ಲ. ರೋಗಿಯು ವಾರಕ್ಕೊಮ್ಮೆ ಬಂದು ಔಷಧವನ್ನು ಪಡೆಯಬೇಕಾಗಿತ್ತು. ಆರೋಗ್ಯ ಸಂದರ್ಶಕಿಯರು ಅವನ ಮನೆಗೆ ಹೋಗಿ ವಿಚಾರಿಸುತ್ತಿದ್ದರು, ಮುನ್ಸೂಚನೆಯಿಲ್ಲದೆಯೂ ಹೋಗುತ್ತಿದ್ದರು. ಉಳಿದ ಔಷಧವನ್ನು ಎಣಿಸುತ್ತಿದ್ದರು. ಮೂತ್ರವನ್ನು ಪರೀಕ್ಷಿಸಿ ಪ್ಯಾಸ್ ಒಳಗೆ ಹೋಗಿದೆಯೋ ಇಲ್ಲವೋ ಎಂಬುದನ್ನು ಬಣ್ಣದಿಂದ ತಿಳಿಯುತ್ತಿದ್ದರು. ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಕೆಲವರು ಔಷಧವನ್ನು ತಪ್ಪಿಸುತ್ತಿದ್ದರು. ರೋಗಿಯು ತಾನೇ ಔಷಧ ತೆಗೆದುಕೊಳ್ಳುವ ಸಮಸ್ಯೆಯ ಮೇಲೆಯೇ ಫಾಕ್ಸ್ ಅವರು 1958ರಲ್ಲಿ ಒಂದು ಲೇಖನವನ್ನು ಬರೆದುದು ಇದಕ್ಕಾಗಿ. ಚಿಕಿತ್ಸಾಲಯದಲ್ಲಿ ಶುಶ್ರೂಷಕಿಯ ಕೈಯಲ್ಲಿದ್ದ ಐದು ನಿಯಮಗಳೂ ಇಡಿಯಾಗಿ ರೋಗಿಯ ಕೈಗೆ ದಾಟಿದ್ದುವು. ಆ ದಾಟುವಿಕೆಯನ್ನು ನಡೆಸಿಕೊಟ್ಟವರು ಕೇರಿಗಳಲ್ಲಿ ನಡೆದು ಸವೆದ ಸಂದರ್ಶಕಿಯರು. ಅವರ ಹೆಸರುಗಳು ಗ್ರಂಥಗಳಲ್ಲಿ ಎದ್ದು ಕಾಣುವುದಿಲ್ಲ.

ಮದರಾಸಿನಲ್ಲಿ ನಗರದ ರೋಗಿಗೆ ಸಾಧ್ಯವಾದುದು ಹಳ್ಳಿಯವನಿಗೆ ಹೇಗೆ ಸಾಧ್ಯವಾದೀತು? ಈ ಪ್ರಶ್ನೆಯು ಬೆಂಗಳೂರಿಗೆ ಬಂದಿತು. ಬಳ್ಳಾರಿ ರಸ್ತೆಯ ಮೇಲೆ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಆಗ ಕೇಂದ್ರ ಸರ್ಕಾರಕ್ಕೆ ಕ್ಷಯರೋಗದ ವಿಷಯದಲ್ಲಿ ಸಲಹೆಗಾರರಾಗಿದ್ದವರು ಡಾಕ್ಟರ್ ಪಿ. ವಿ. ಬೆಂಜಮಿನ್, ಆರೋಗ್ಯವರದಲ್ಲಿ ಫ್ರಿಮೋಟ್ ಮುಲ್ಲರ್ ಅವರ ತರುವಾಯ ಮುಖ್ಯ ವೈದ್ಯರಾಗಿದ್ದವರು ಅವರೇ. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬೆಂಗಳೂರಿಗೆ ಬಂದವರಲ್ಲಿ ಹಾಫ್ಡನ್ ಮಾಹ್ಲರ್, ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಮುಖ್ಯರು. ಇಬ್ಬರೂ ಡೆನ್ಮಾರ್ಕಿನವರು, ಮಾಹ್ಲರರು ಮುಂದೆ 1973ರಿಂದ 1988ರವರೆಗೆ ಆ ವಿಶ್ವಸಂಸ್ಥೆಗೇ ಮಹಾನಿರ್ದೇಶಕರಾದರು. ಹಾಲು ಬೆಣ್ಣೆಗಳಿಗೆ ಹೆಸರಾದ ಆ ಪುಟ್ಟ ಶೀತದೇಶಕ್ಕೂ ರಾಗಿ ಬೆಳೆಯುವ ಈ ಒಣನಾಡಿಗೂ ಕ್ಷಯದ ದೆಸೆಯಿಂದ ಬೆಳೆದ ನಂಟು ಸೋಜಿಗವಾದುದು.

ಆ ಸಂಸ್ಥೆಯವರು ಮಾಡಿದ ಕೆಲಸಗಳಲ್ಲಿ ಈ ಪ್ರಸಂಗಕ್ಕೆ ಮುಖ್ಯವಾದುದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ನರು ನಡೆಸಿ 1963ರಲ್ಲಿ ಪ್ರಕಟಿಸಿದ ಸಾಮಾಜಿಕ ವಿಚಾರಣೆ. ಹಳ್ಳಿಗರು ಅಜ್ಞಾನಿಗಳು, ರೋಗ ಬಂದರೂ ಅರಿಯರು, ಅರಿತರೂ ಮಾಟ ಮಂತ್ರಗಳಿಗೆ ಹೋಗುತ್ತಾರೆಯೇ ಹೊರತು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ವಿದ್ಯಾವಂತರಲ್ಲಿ ಹರಡಿದ್ದ ಮಾತು. ಮನೆಮನೆಗೆ ಹೋಗಿ ಕೇಳಿದಾಗ ಕಂಡುದೇ ಬೇರೆ. ಕ್ಷಯವುಳ್ಳವರಲ್ಲಿ ಹೆಚ್ಚು ಕಡಮೆ ಎಲ್ಲರಿಗೂ ತಮಗೆ ಏನೋ ಆಗಿದೆಯೆಂಬುದು ತಿಳಿದಿತ್ತು. ಬಹುಮಂದಿಗೆ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಇಂಗ್ಲಿಷ್ ವೈದ್ಯದ ಒಂದಲ್ಲ ಒಂದು ಬಾಗಿಲನ್ನು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಮಿಕ್ಸ್ಚರಿನ ಒಂದು ಸೀಸೆ. ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯ ಆ ಸೀಸೆ, ಕಫವನ್ನು ಪರೀಕ್ಷಿಸದೆ, ಎದೆಯ ಮಾತನ್ನು ಕೇಳದೆ, ಕ್ಷಯರೋಗಿಯನ್ನು ಮನೆಗೆ ಕಳುಹಿಸುತ್ತಿತ್ತು. ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿಯೆಂದು ಚರಕನು ಹೇಳಿದ ಗುಣವು ಈ ಹಳ್ಳಿಗರಲ್ಲಿ ಇದ್ದಿತು. ಕೇಳುವ ಕಿವಿ ಇರಲಿಲ್ಲ. ದೋಷವನ್ನು ಜನರ ಮೇಲೆ ಹೊರಿಸುವ ಅಭ್ಯಾಸಕ್ಕೆ ಇದಕ್ಕಿಂತ ಬಲವಾದ ಉತ್ತರ ಆ ಕಾಲದಲ್ಲಿ ಬಂದಿರಲಾರದು.

ಈ ವಿಚಾರಣೆಗಳ ಆಧಾರದ ಮೇಲೆ ಜಿಲ್ಲಾ ಕ್ಷಯ ಯೋಜನೆಯೊಂದು ರೂಪಗೊಂಡು, 1961ರಲ್ಲಿ ಅನಂತಪುರ ಜಿಲ್ಲೆಯಲ್ಲಿ ಮೊದಲು ಪ್ರಯೋಗಕ್ಕೆ ಬಂದಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದುವು. ಚಿಕ್ಕಬಳ್ಳಾಪುರ ಜಿಲ್ಲೆಯಾದುದು 2007ರಲ್ಲಿ. ಯೋಜನೆಯ ಸಾರ ಇಷ್ಟೆ: ಕ್ಷಯಕ್ಕೆ ಬೇರೆ ಆಸ್ಪತ್ರೆ ಬೇಡ, ಕೆಮ್ಮಿನಿಂದ ಬಳಲುವವನು ತಾನಾಗಿ ಬರುವ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಕಫದ ಪರೀಕ್ಷೆಯಾಗಲಿ, ಔಷಧವೂ ಅಲ್ಲಿಯೇ ದೊರೆಯಲಿ. ಜಿಲ್ಲೆಯ ತಂಡದಲ್ಲಿ ವೈದ್ಯಾಧಿಕಾರಿ, ಪ್ರಯೋಗಶಾಲೆಯವನು, ಕ್ಷಕಿರಣದವನು ಇವರ ಜೊತೆಗೆ ‘ಚಿಕಿತ್ಸಾ ವ್ಯವಸ್ಥಾಪಕ’ ಎಂಬ ಒಬ್ಬರನ್ನು ಇಟ್ಟರು. ರೋಗಿಗೆ ಚೀಟಿ ಬರೆದುಕೊಟ್ಟು, ಔಷಧದ ಕ್ರಮವನ್ನು ವಿವರಿಸಿ, ಗೊತ್ತಾದ ದಿನ ಬಾರದಿದ್ದರೆ ಕಾಗದ ಬರೆದು, ಅದಕ್ಕೂ ಬಾರದಿದ್ದರೆ ಮನೆಗೆ ಹೋಗುವುದು ಆ ವ್ಯವಸ್ಥೆಯ ಕೆಲಸ. ಈ ಕಾರ್ಯಕ್ಕೆ ತಕ್ಕವರನ್ನು ಬೆಂಗಳೂರಿನ ಸಂಸ್ಥೆಯಲ್ಲಿ ತರಬೇತುಗೊಳಿಸಿ ದೇಶದ ನಾನಾ ಭಾಗಗಳಿಗೆ ಕಳುಹಿಸಿದರು. ವಿವರಿಸುವುದೇ ಒಂದು ಉದ್ಯೋಗವೆಂದು ಸರ್ಕಾರವು ಮೊದಲ ಬಾರಿಗೆ ಒಪ್ಪಿದ್ದು ಇಲ್ಲಿ ಎಂದರೆ ಅತ್ಯುಕ್ತಿಯಾಗಲಾರದು.

ವಿವರಿಸಬೇಕಾದುದೇನು ಎಂಬುದನ್ನು ನೋಡಿದರೆ ಈ ಉದ್ಯೋಗದ ಕಷ್ಟ ತಿಳಿಯುತ್ತದೆ. ಒಂದೊಂದು ಔಷಧಕ್ಕೂ ಒಂದೊಂದು ಸ್ವಭಾವ. ಪ್ಯಾಸ್ ದಿನಕ್ಕೆ ಹತ್ತು ಗ್ರಾಮಿನಷ್ಟು ನುಂಗಬೇಕಾದ ಔಷಧ. ಬಾಯಿಗೆ ಕಹಿ, ಹೊಟ್ಟೆಗೆ ತೊಳಸು. ಊಟದ ಸಂಗಡ ತೆಗೆದುಕೊಂಡರೆ ಸೈರಿಸಬಹುದೆಂದು ಹೇಳದಿದ್ದರೆ ರೋಗಿಯು ವಾರದೊಳಗೆ ಅದನ್ನು ಹಿತ್ತಿಲಿಗೆ ಎಸೆಯುವುದು ನಿಶ್ಚಯ. ಸ್ಟ್ರೆಪ್ಟೊಮೈಸಿನ್ ಕಿವಿಯ ಒಳನರವನ್ನು ಕೆಡಿಸಬಲ್ಲದು; ತಲೆ ತಿರುಗಿದರೆ, ಕತ್ತಲಲ್ಲಿ ಹೆಜ್ಜೆ ತಪ್ಪಿದರೆ, ಕಿವಿಯಲ್ಲಿ ಗುಂಯ್ ಎಂದರೆ ಮುಚ್ಚಿಡದೆ ಹೇಳಬೇಕು. ಐಸೋನಿಯಾಜಿಡ್‌ನಿಂದ ಅಂಗಾಲು ಉರಿದರೆ ಅದಕ್ಕೆ ಪಿರಿಡಾಕ್ಸಿನ್ ಎಂಬ ಜೀವಸತ್ವದ ಪರಿಹಾರವುಂಟು. ಪ್ಯಾಸ್‌ಗೆ ಬದಲಾಗಿ ಬಂದ ಅಗ್ಗದ ಥಯಾಸಿಟಜೋನ್ ಕೆಲವರ ಚರ್ಮದ ಮೇಲೆ ಭಯಂಕರವಾಗಿ ಏಳುತ್ತಿತ್ತು. ಮೈಮೇಲೆ ದದ್ದು ಕಂಡ ದಿನವೇ ಅದನ್ನು ನಿಲ್ಲಿಸಿ ಬರಬೇಕು. ಮುಂದೆ ಬಂದ ಎಥಾಂಬ್ಯುಟಾಲ್ ಕಣ್ಣಿಗೆ ಸಂಬಂಧಿಸಿದುದು. ಕೆಂಪು ಹಸುರುಗಳ ಭೇದ ಮಂಕಾದರೆ ತಿಳಿಸಬೇಕು. ರಿಫಾಂಪಿಸಿನ್ ಇವೆಲ್ಲಕ್ಕಿಂತ ಬಲವುಳ್ಳದು; ಚಿಕಿತ್ಸೆಯ ಕಾಲವನ್ನು ಆರು ತಿಂಗಳಿಗೆ ಇಳಿಸಿದ್ದು ಅದರ ಬಲದಿಂದಲೇ. ಆದರೆ ಅದನ್ನು ನುಂಗಿದವನ ಮೂತ್ರ, ಬೆವರು, ಕಣ್ಣೀರು ಸಹ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತವೆ. ಇದರಿಂದ ಕೇಡಿಲ್ಲ. ಕೇಡಿಲ್ಲವೆಂಬ ಒಂದು ಮಾತನ್ನು ಮೊದಲ ದಿನ ಹೇಳದಿದ್ದರೆ, ಮಾರನೆಯ ಬೆಳಗ್ಗೆ ಬಚ್ಚಲಲ್ಲಿ ರಕ್ತವನ್ನು ಕಂಡೆನೆಂದು ರೋಗಿಯು ನಡುಗುತ್ತಾನೆ. ಅಲ್ಲಿಗೆ ಔಷಧವು ನಿಲ್ಲುತ್ತದೆ. ಗರ್ಭ ನಿಲ್ಲದಂತೆ ಮಾತ್ರೆ ನುಂಗುವ ಹೆಂಗಸರಿಗೆ ರಿಫಾಂಪಿಸಿನ್ ಆ ಮಾತ್ರೆಯ ಬಲವನ್ನು ಕುಂದಿಸುತ್ತದೆಂಬುದನ್ನು ತಿಳಿಸಬೇಕು. ಇದನ್ನು ಗಂಡಸರ ಎದುರಿನಲ್ಲಿ ಹೇಳಲಾಗದು, ಹೇಳದೆ ಬಿಡಲೂ ಆಗದು. ಇಂಥ ಕಡೆಯಲ್ಲಿ ಶುಶ್ರೂಷಕಿಯು ಹೆಣ್ಣಾಗಿರುವುದು ಎಷ್ಟು ಪ್ರಯೋಜನವೆಂಬುದನ್ನು ವಾಚಕರು ಊಹಿಸಬಹುದು.

ಇಷ್ಟನ್ನೂ ಯಾವ ನುಡಿಯಲ್ಲಿ ಹೇಳುವುದು? ಈ ಸೀಮೆಯಲ್ಲಿ ಕನ್ನಡ ತೆಲುಗುಗಳು ಒಂದೇ ಜಗುಲಿಯ ಮೇಲೆ ಕುಳಿತಿರುತ್ತವೆ. ಶಿಡ್ಲಘಟ್ಟ ಚಿಂತಾಮಣಿಗಳ ರೇಷ್ಮೆಯ ಕೇರಿಗಳಲ್ಲಿ ಉರ್ದುವೂ ಕೂಡುತ್ತದೆ. ಶುಶ್ರೂಷಾಶಾಸ್ತ್ರದ ಪಾಠವೋ ಇಂಗ್ಲಿಷಿನಲ್ಲಿ. ಅಲ್ಲಿ ಕಲಿತುದನ್ನು ಇಲ್ಲಿ ಹೇಳುವಾಗ ಪದವೊಂದಕ್ಕೆ ಪದವೊಂದನ್ನು ಇಟ್ಟರೆ ಸಾಲದು. ಜನರ ಶರೀರಶಾಸ್ತ್ರವೇ ಬೇರೆ. ಹಳ್ಳಿಯವರ ಎಣಿಕೆಯಲ್ಲಿ ಇಂಗ್ಲಿಷ್ ಮಾತ್ರೆಯೆಂದರೆ ಉಷ್ಣ. ಬೇಸಗೆಯಲ್ಲಿ ಅದನ್ನು ಬಿಡಬೇಕು, ಮೂತ್ರದ ಕಿತ್ತಳೆಯೂ ಉಷ್ಣದ ಗುರುತೇ ಎಂದು ಅವರು ತರ್ಕಿಸುತ್ತಾರೆ. ಆ ತರ್ಕವನ್ನು ಮೂಢತನವೆಂದು ತಳ್ಳಿಹಾಕಿದ ಶುಶ್ರೂಷಕಿಯ ಮಾತನ್ನು ಯಾರೂ ಕೇಳುವುದಿಲ್ಲ. ಉಷ್ಣವಾದರೆ ಮಜ್ಜಿಗೆ ಕುಡಿ, ಎಳನೀರು ಕುಡಿ, ಮಾತ್ರೆಯನ್ನು ಮಾತ್ರ ಬಿಡಬೇಡ ಎಂದವಳ ಮಾತು ನಿಲ್ಲುತ್ತದೆ. ಹಳೆಯ ಪಂಡಿತನ ಅನುಪಾನವು ಹೀಗೆ ಹೊಸ ರೂಪದಲ್ಲಿ ಹಿಂತಿರುಗಿತು. ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಒಳಸೇರುತ್ತದೆ; ‘ಊಟಕ್ಕೆ ಒಂದು ಗಂಟೆ ಮುಂಚೆ’ ಎನ್ನುವುದಕ್ಕಿಂತ ‘ಎದ್ದು ಮುಖ ತೊಳೆದ ಕೂಡಲೆ’ ಎಂದರೆ ಗಡಿಯಾರವಿಲ್ಲದ ಮನೆಗೂ ಅರ್ಥವಾಗುತ್ತದೆ.

ಯೋಜನೆಯ ಬರಹವು ಎಷ್ಟು ಚೆನ್ನಾಗಿತ್ತೋ ನಡೆಯು ಅಷ್ಟು ಚೆನ್ನಾಗಿರಲಿಲ್ಲ. ಔಷಧವು ಎಷ್ಟೋ ಕಡೆ ಹೊತ್ತಿಗೆ ಬರುತ್ತಿರಲಿಲ್ಲ. ಹತ್ತಾರು ಮೈಲಿ ನಡೆದು ಬಂದು ‘ಬಂದಿಲ್ಲ, ಮುಂದಿನ ವಾರ ಬಾ’ ಎಂಬ ಉತ್ತರವನ್ನು ಕೇಳಿದವನಿಗೆ, ಒಂದು ದಿನವೂ ತಪ್ಪಿಸಬೇಡವೆಂಬ ಬೋಧನೆಯು ಹಾಸ್ಯದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಕಾಗದ ಬರೆಯುವ ಕೆಲಸ ನಿಂತಿತು. ಮನೆಗೆ ಹೋಗುವ ಕೆಲಸ ಅದಕ್ಕಿಂತ ಮುಂಚೆಯೇ ನಿಂತಿತ್ತು. 1992ರಲ್ಲಿ ಭಾರತ ಸರ್ಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಸ್ವೀಡನ್ನಿನ ನೆರವು ಸಂಸ್ಥೆಯೂ ಕೂಡಿ ಪರಿಶೀಲಿಸಿದಾಗ, ಚಿಕಿತ್ಸೆಯನ್ನು ಪೂರ್ತಿ ಮಾಡುವ ರೋಗಿಗಳು ಅರ್ಧಕ್ಕಿಂತ ಕಡಮೆಯೆಂದು ತಿಳಿದುಬಂದಿತು. ಅರ್ಧಕ್ಕೆ ಬಿಟ್ಟ ಔಷಧದಿಂದ ಔಷಧಕ್ಕೆ ಬಗ್ಗದ ಕ್ಷಯವು ಹುಟ್ಟುತ್ತದೆ. ಅದು ಬಿಟ್ಟವನೊಬ್ಬನಲ್ಲಿಯೇ ನಿಲ್ಲದೆ ಅ ಆ ಕಲಿಯುವ ಮಗುವಿಗೂ ಅಂಟುತ್ತದೆ.

ಇದಕ್ಕೆ ಕಂಡ ಪರಿಹಾರವು ಬೋಧನೆಯಲ್ಲ, ಕಣ್ಗಾವಲು. 1993ರಲ್ಲಿ ಪ್ರಯೋಗಕ್ಕೂ 1997ರಲ್ಲಿ ವ್ಯಾಪಕವಾಗಿಯೂ ಆರಂಭವಾಗಿ 2006ರಲ್ಲಿ ಇಡೀ ದೇಶವನ್ನು ಮುಟ್ಟಿದ ಪರಿಷ್ಕೃತ ಕಾರ್ಯಕ್ರಮದಲ್ಲಿ, ರೋಗಿಯು ವಾರಕ್ಕೆ ಮೂರು ಬಾರಿ ಬಂದು ಮತ್ತೊಬ್ಬರ ಎದುರಿನಲ್ಲಿ ಔಷಧವನ್ನು ನುಂಗಬೇಕೆಂದು ವಿಧಿಸಿದರು. ಇದರ ಬೀಜವೂ ಮದರಾಸಿನದೇ. ವಾರಕ್ಕೆ ಎರಡು ಬಾರಿ ಎದುರಿನಲ್ಲೇ ಔಷಧ ಕೊಡುವ ಕ್ರಮವನ್ನು ಅಲ್ಲಿ 1960ರ ದಶಕದಲ್ಲಿಯೇ ಪರೀಕ್ಷಿಸಿದ್ದರು. ಒಬ್ಬೊಬ್ಬ ರೋಗಿಯ ಹೆಸರನ್ನು ಬರೆದ ಒಂದೊಂದು ಪೆಟ್ಟಿಗೆಯಲ್ಲಿ ಅವನ ಪೂರ್ಣ ಚಿಕಿತ್ಸೆಯ ಔಷಧವನ್ನು ಮೊದಲೇ ತೆಗೆದಿಡುತ್ತಿದ್ದುದು ಈ ಕ್ರಮದ ಅತ್ಯಂತ ಸೊಗಸಾದ ಅಂಶ. ‘ಮುಂದಿನ ವಾರ ಬಾ’ ಎಂಬ ಮಾತಿಗೆ ಅದರಿಂದ ಎಡೆಯಿಲ್ಲದಂತಾಯಿತು. ಗುಣ ಹೊಂದಿದವರ ಸಂಖ್ಯೆ ಏರಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳೆದ ಮನುಷ್ಯನೊಬ್ಬನು, ಕೂಲಿಯನ್ನು ಬಿಟ್ಟು ಬಂದು, ಊರವರ ಕಣ್ಣೆದುರಿನಲ್ಲಿ ಬಾಯಿ ತೆರೆದು ತೋರಿಸುವುದರಲ್ಲಿ ಒಂದು ಅವಮಾನವೂ ಇತ್ತು. ಮದುವೆಗೆ ನಿಂತ ಹುಡುಗಿಗೆ ಅದು ಅವಮಾನಕ್ಕಿಂತ ಹೆಚ್ಚಿನದು. ಕಣ್ಗಾವಲು ಒಳ್ಳೆಯದಾಗಿ ನಡೆದ ಕಡೆಗಳಲ್ಲೆಲ್ಲ ಅದನ್ನು ನಡೆಸಿದ ಶುಶ್ರೂಷಕಿಯೋ ಅಂಗನವಾಡಿಯ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಔಷಧದ ಸಂಗಡ ನಾಲ್ಕು ಮಾತನ್ನೂ ಕೊಡುತ್ತಿದ್ದಳೆಂಬುದನ್ನು ಮರೆಯಲಾಗದು. ನಿರ್ದೇಶಕಾರಿತ್ವವೊಂದನ್ನೇ ಹಿಡಿದು ಸ್ಮೃತಿ ಅಭೀರುತ್ವಗಳನ್ನು ಬಿಟ್ಟರೆ ರೋಗಿಯ ಪಾದವು ಕುಂಟುತ್ತದೆ.

2017-18ರ ಸುಮಾರಿಗೆ ಕ್ರಮವು ತಿರುಗಿ ಬದಲಾಯಿತು. ವಾರಕ್ಕೆ ಮೂರು ಬಾರಿಯ ಬದಲು ದಿನವೂ. ನಾಲ್ಕು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಕೂಡಿಸಿ, ರೋಗಿಯ ತೂಕವನ್ನನುಸರಿಸಿ ಇಂತಿಷ್ಟು ಮಾತ್ರೆಗಳೆಂದು ಲೆಕ್ಕ. ಔಷಧವು ಬಹುಮಟ್ಟಿಗೆ ಮತ್ತೆ ರೋಗಿಯ ಮನೆಗೆ, ಅವನ ಕೈಗೆ ಬಂದಿದೆ. ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಗಳನ್ನು 2018ರಿಂದ ಕೊಡಲಾರಂಭಿಸಿ, 2024ರಲ್ಲಿ 1000ಕ್ಕೆ ಏರಿಸಿದರು. ಹಳ್ಳಿಗಳ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯಾಧಿಕಾರಿಗಳೆಂಬ ಹೆಸರಿನಿಂದ ಕುಳಿತಿರುವವರಲ್ಲಿ ಶುಶ್ರೂಷಾಶಾಸ್ತ್ರದ ಪದವೀಧರರು ಅನೇಕರು. ಸಕ್ಕರೆಯ ರೋಗಕ್ಕೂ ರಕ್ತದೊತ್ತಡಕ್ಕೂ ಜೀವಮಾನವೆಲ್ಲ ಮಾತ್ರೆ ನುಂಗಬೇಕಾದವರು ಬಂದು ಕೇಳುವುದೂ ಅವರನ್ನೇ.

ಅವರ ಮುಂದೆ ಈಗ ಹೊಸದೊಂದು ಬೋಧನೆಯ ಕೆಲಸ ಬಂದಿದೆ. ಮದರಾಸಿನ ಪರೀಕ್ಷೆಯಲ್ಲಿ ಬರಿಯ ನೋಟಕ್ಕೆ ಗುರಿಯಾಗಿದ್ದ ಮನೆಯವರಿಗೆ, ಎಂದರೆ ರೋಗಿಯ ಹೆಂಡತಿ ಮಕ್ಕಳು ತಂದೆತಾಯಿಗಳಿಗೆ, ರೋಗವು ತಲೆಯೆತ್ತದಂತೆ ಮುಂಚೆಯೇ ಔಷಧವನ್ನು ಕೊಡುವ ಕ್ರಮವು 2021ರ ಮಾರ್ಗಸೂಚಿಗಳಿಂದೀಚೆಗೆ ಹರಡುತ್ತಿದೆ. ಕೆಲವರಿಗೆ ಆರು ತಿಂಗಳು ದಿನವೂ ಐಸೋನಿಯಾಜಿಡ್. ಕೆಲವರಿಗೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರಗಳ ಎರಡು ಔಷಧಗಳ ಕೂಟ. ತೆಗೆದುಕೊಳ್ಳಬೇಕಾದವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಮೈಯಲ್ಲಿ ಯಾವ ಬಾಧೆಯೂ ಇಲ್ಲ. ಹೀಗಿರುವವಳ ಕೈಗೆ ಮಾತ್ರೆಗಳನ್ನು ಇಟ್ಟು, ಇವನ್ನು ಏಕೆ ನುಂಗಬೇಕು, ನುಂಗಿದ ಮಾರನೆಯ ದಿನ ಮೂತ್ರವೇಕೆ ಕೆಂಪಾಗಬಹುದು, ವಾಂತಿಯಾದರೆ ಕಣ್ಣು ಹಳದಿಯಾದರೆ ಯಾರ ಬಳಿಗೆ ಬರಬೇಕು ಎಂಬುದನ್ನು ಅವಳ ಮನೆಯ ಬಾಗಿಲಲ್ಲಿ ನಿಂತು, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ, ಹೇಳಬೇಕಾಗಿದೆ.